ಸರ್ವಿಸ್ ದಾಖಲೆ ಇಲ್ಲದ ಹಳೇ ಕಾರು ಕೊಂಡಿದ್ದೀರಾ?

ಹಿಂದಿನ ಮಾಲೀಕರ ಮಾತು ಪಕ್ಕಕ್ಕಿಡಿ. ಮೊದಲು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ, ಕಿಲೋಮೀಟರ್ ಬರೆದಿಡಿ. ಅಲ್ಲಿಂದ ನಿಮ್ಮ ಲೆಕ್ಕ ಶುರು.

ಬಳ್ಳಾರಿ–ಸಂಡೂರು ಕಡೆ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ, ಅದಿರಿನ ಕೆಂಪು ಧೂಳು ಕೂತಿರುತ್ತದೆ. ಇದನ್ನು ನೀವೇ ಬದಲಿಸಬಹುದು, ಸುಮ್ನೆ ಲೇಬರ್ ಯಾಕೆ? ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ. ನಮ್ಮ ಬಿಸಿಲಿಗೆ ಕೂಲಂಟೇ ಸರಿ. ಎಂಜಿನ್ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆಯಿರಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಅದೂ ಹೊಸದಿರಲಿ.

ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿ) ಇರುವ ಎಂಜಿನ್ನಾ? ಇಲ್ಲಿ ಮಾತ್ರ ಜಿಪುಣತನ ಬೇಡ, ಬದಲಿಸಿಬಿಡಿ. ಬೆಲ್ಟ್ ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಬಾಗುತ್ತದೆ, ಖರ್ಚು ಹಲವು ಪಟ್ಟು ಜಾಸ್ತಿ.

ಟೈರಿನ ವಯಸ್ಸೂ ನೋಡಿ: ಅದರ ಪಕ್ಕದ ಮೈ ಮೇಲೆ 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಸೀಟ್ ಕವರ್, ಪಾಲಿಶ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು, ಅಲ್ವಾ?