ಮೆಕಾಟ್ರಾನಿಕ್ಸ್ ಪ್ರಯೋಗಾಲಯವನ್ನು ಕಟ್ಟುವ ಬಗೆ

ಇಂಜಿನಿಯರಿಂಗ್ ಪದವಿ ತರಗತಿಗಳಿಗೆ ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ನಿಯಂತ್ರಣ ಒಂದಾಗುವ ಶಾಖೆ) ಪ್ರಯೋಗಾಲಯವನ್ನು ಕಟ್ಟಲು ಹೊರಟಾಗ ಸಿದ್ಧ ಟ್ರೈನರ್ ಕಿಟ್‌ಗಳನ್ನು ಕೊಳ್ಳುವುದೇ ಸುಲಭವೆಂದು ತೋರುತ್ತದೆ. ಆದರೆ ವೈರಿಂಗ್ ಮೊದಲೇ ಮುಗಿದಿರುವ ಕಿಟ್‌ನಲ್ಲಿ ವಿದ್ಯಾರ್ಥಿಗಳಿಗೆ ಪ್ಯಾಚ್ ಕಾರ್ಡ್ (ಜೋಡಣೆಯ ತಂತಿ) ಚುಚ್ಚಿ ರೀಡಿಂಗ್ ಬರೆದುಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ. ಅದಕ್ಕೆ ಬದಲಾಗಿ ಪ್ರತಿ ಮೇಜಿನ ಮೇಲೂ 12 ವೋಲ್ಟ್‌ನ ಗೇರ್ ಮೋಟಾರು, ಅದಕ್ಕೆ ವಿದ್ಯುತ್ ಹರಿಸುವ ಡ್ರೈವರ್, ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರಾದ ಮೈಕ್ರೋಕಂಟ್ರೋಲರ್ ಬೋರ್ಡ್, ಶಾಫ್ಟ್ ಎಷ್ಟು ತಿರುಗಿತೆಂದು ಪಲ್ಸ್‌ಗಳಲ್ಲಿ ತಿಳಿಸುವ ಎನ್‌ಕೋಡರ್ ಮತ್ತು ಚಲನೆಯ ಕೊನೆಯನ್ನು ಗುರುತಿಸುವ ಎರಡು ಲಿಮಿಟ್ ಸ್ವಿಚ್‌ಗಳನ್ನು ಬಿಡಿಬಿಡಿಯಾಗಿ ಇರಿಸಿ, ಸೆಮಿಸ್ಟರಿನ ಪ್ರಯೋಗಗಳೆಲ್ಲ ಅದೊಂದೇ ಯಂತ್ರದ ಮೇಲೆ ಬೆಳೆಯುವಂತೆ ಯೋಜಿಸಬೇಕು.

ಮೊದಲ ಪ್ರಯೋಗದಲ್ಲಿ ಪ್ರೋಗ್ರಾಮಿಂಗ್ ಬೇಡ. ಮಲ್ಟಿಮೀಟರ್ ಹಿಡಿದು ಮೋಟಾರಿನ ತುದಿಗಳಲ್ಲಿ ವೋಲ್ಟೇಜ್ ಅಳೆಯಲು ಹೇಳಿ. ಅಗ್ಗವಾಗಿ ಸಿಗುವ ಎಲ್298 ಡ್ರೈವರ್, 1 ಆಂಪಿಯರ್ ಹರಿಯುವಾಗ ಸುಮಾರು 2ರಿಂದ 3 ವೋಲ್ಟ್‌ನಷ್ಟನ್ನು ತಾನೇ ನುಂಗುವುದರಿಂದ, 12 ವೋಲ್ಟ್ ಕೊಟ್ಟರೂ ಮೋಟಾರಿಗೆ ತಲುಪುವುದು ಸುಮಾರು 9ರಿಂದ 10 ವೋಲ್ಟ್ ಮಾತ್ರ. ಇದನ್ನು ಸ್ವತಃ ಅಳೆದು ಕಂಡವರು ಡೇಟಾಶೀಟನ್ನು (ತಯಾರಕರ ವಿವರಪತ್ರ) ತಾವಾಗಿಯೇ ತೆರೆದು ಓದುತ್ತಾರೆ.

ಎನ್‌ಕೋಡರ್‌ಗೆ ಹೆಚ್ಚು ಸಮಯ ಮೀಸಲಿಡಿ. ಒಂದು ಸುತ್ತಿಗೆ 600 ಪಲ್ಸ್ ಕೊಡುವ ಎನ್‌ಕೋಡರ್‌ನ ಎರಡು ಚಾನೆಲ್‌ಗಳ ಎಲ್ಲ ಅಂಚುಗಳನ್ನೂ (ಪಲ್ಸ್ ಏರುವ ಮತ್ತು ಇಳಿಯುವ ಕ್ಷಣಗಳು) ಎಣಿಸಿದರೆ 2400 ಎಣಿಕೆ, ಅಂದರೆ ಎಣಿಕೆಯೊಂದಕ್ಕೆ 0.15 ಡಿಗ್ರಿ ಸಿಗುತ್ತದೆ. ಗೇರಿನಾಚೆಯ ನಿಧಾನದ ಶಾಫ್ಟ್‌ಗೆ ಇದನ್ನು ಜೋಡಿಸಿದಾಗ ಆರ್ಡುಯಿನೋ ಊನೋ ಎಂಬ ಸರಳ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕಾಗುತ್ತದೆ. ಆದರೆ ನಿಮಿಷಕ್ಕೆ 3000 ಸುತ್ತಿನ ಶಾಫ್ಟ್‌ನಲ್ಲಿ ಸೆಕೆಂಡಿಗೆ 1,20,000 ಅಂಚುಗಳು ಬರುವುದರಿಂದ ಇಂಟರಪ್ಟ್ ಮೂಲಕ, ಅಂದರೆ ಅಂಚು ಬಂದಾಗಲೆಲ್ಲ ನಡೆಯುತ್ತಿರುವ ಕೆಲಸ ನಿಲ್ಲಿಸಿ, ಎಣಿಸುವ ಪ್ರೋಗ್ರಾಂ ಎಣಿಕೆ ತಪ್ಪುತ್ತದೆ. ಆ ತಪ್ಪು ಕಣ್ಣೆದುರೇ ನಡೆಯಲಿ, ಆಮೇಲೆ ಹಾರ್ಡ್‌ವೇರ್‌ನಲ್ಲೇ ಎಣಿಸುವ ಟೈಮರ್ ಇರುವ ಎಸ್‌ಟಿಎಂ32 ಬೋರ್ಡನ್ನು ಕೊಡಿ. ಗುರಿಗೂ ಅಳತೆಗೂ ಇರುವ ವ್ಯತ್ಯಾಸ ನೋಡಿ ಮೋಟಾರನ್ನು ತಿದ್ದುವ ಪಿಐಡಿ ನಿಯಂತ್ರಣವನ್ನು ಇದಾದ ಮೇಲೆಯೇ ತೆಗೆದುಕೊಳ್ಳಬೇಕು, ಏಕೆಂದರೆ ಅಳತೆಯೇ ನಂಬಲರ್ಹವಲ್ಲದಿದ್ದರೆ ಗೇನ್‌ಗಳನ್ನು (ತಿದ್ದುಪಡಿಯ ಪ್ರಮಾಣ ನಿರ್ಧರಿಸುವ ಸಂಖ್ಯೆಗಳು) ಹೊಂದಿಸುವ ಶ್ರಮವೆಲ್ಲ ವ್ಯರ್ಥ.

ಒಂದು ಮೇಜಿನಲ್ಲಿ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಒತ್ತಿದ ಗಾಳಿಯಿಂದ ಚಲಿಸುವ ನ್ಯೂಮ್ಯಾಟಿಕ್ ಸಿಲಿಂಡರ್ ಇರಲಿ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ 24 ವೋಲ್ಟ್ ಸಂಕೇತವನ್ನು 5 ವೋಲ್ಟ್‌ನ ಬೋರ್ಡಿಗೆ ನೇರವಾಗಿ ಕೊಡಲಾಗದು, ನಡುವೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್‌ನಂಥ ಭಾಗ ಬೇಕು ಎಂಬುದು ಇಲ್ಲಿ ಕೈಯಾರೆ ತಿಳಿಯುತ್ತದೆ.

ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಎಂದಿಗೂ ಪ್ರೋಗ್ರಾಮಿನ ವಶಕ್ಕೆ ಬಿಡಬಾರದು. ಅದನ್ನು ಒತ್ತಿದೊಡನೆ ಮೋಟಾರಿನ ವಿದ್ಯುತ್ ತಂತಿಯಲ್ಲೇ ಕಡಿದುಹೋಗಬೇಕು.

ಪರೀಕ್ಷೆಯ ದಿನ ಸರಿಯಾಗಿ ಓಡುತ್ತಿರುವ ಯಂತ್ರದಲ್ಲಿ ಒಂದು ದೋಷವನ್ನು ಬೇಕೆಂದೇ ಇರಿಸಿ. ಡ್ರೈವರ್ ಮತ್ತು ಬೋರ್ಡಿನ ನಡುವಣ ಗ್ರೌಂಡ್ ತಂತಿಯನ್ನು ಕಳಚಿಟ್ಟು, ವಿದ್ಯಾರ್ಥಿ ಮಲ್ಟಿಮೀಟರನ್ನು ಮೊದಲು ಎಲ್ಲಿಡುತ್ತಾರೆ, ಅಲ್ಲಿಂದ ಮುಂದೆ ಯಾವ ಕ್ರಮದಲ್ಲಿ ಹುಡುಕುತ್ತಾರೆ ಎಂಬುದನ್ನು ನೋಡಿ ಅಂಕ ಕೊಡಿ.