ಬರವಣಿಗೆ ಕೂಟದಲ್ಲಿ ಕಿವಿಯೇ ಮೊದಲು

ನಾನು ನಡೆಸುವ ಬರವಣಿಗೆ ಕೂಟಕ್ಕೆ ಸಾಹಿತಿಯಾಗಬೇಕೆಂದು ಬರುವವರು ಕಡಿಮೆ. ನಿವೃತ್ತರಾದವರು, ಹಾಸಿಗೆ ಹಿಡಿದವರ ಆರೈಕೆ ಮಾಡಿ ದಣಿದವರು, ಓದನ್ನು ಅರ್ಧಕ್ಕೆ ಬಿಟ್ಟ ಹುಡುಗರು ಬರುತ್ತಾರೆ. ಹೊಸಬರು ಬಾಗಿಲಲ್ಲೇ ಹೇಳಿಬಿಡುತ್ತಾರೆ: "ನಂಗೆ ಬರೆಯೋಕೆಲ್ಲ ಬರಲ್ಲ, ಸುಮ್ನೆ ಕೂತು ಕೇಳ್ತೀನಿ." ಅಂಥವರನ್ನು ಸಂತೋಷದಿಂದ ಕೂರಿಸಿಕೊಳ್ಳುತ್ತೇನೆ. ಚೆನ್ನಾಗಿ ಕೇಳಿಸಿಕೊಳ್ಳುವ ನಾಲ್ಕು ಜನ ಇದ್ದರೆ ನಾನು ಹೆಚ್ಚು ಕಲಿಸಬೇಕಾದ್ದೇ ಇರುವುದಿಲ್ಲ.

ಪೆನ್ನು ಕೈಗೆ ಬಂದ ತಕ್ಷಣ ಜನರ ಭಾಷೆ ಬದಲಾಗುತ್ತದೆ. ಇದನ್ನು ಪ್ರತಿ ಹೊಸ ಗುಂಪಿನಲ್ಲೂ ಕಂಡಿದ್ದೇನೆ. ಒಬ್ಬರು ತಾಯಿಯ ಬಗ್ಗೆ "ಮಾತೆಯ ಪ್ರೀತಿಯು ಸಾಗರದಂತೆ ಅಪಾರವಾದುದು" ಎಂದು ಬರೆದು ಓದಿದರು. ಎಲ್ಲರೂ ತಲೆಯಾಡಿಸಿದರು, ಯಾರ ಮನಸ್ಸಿನಲ್ಲೂ ಏನೂ ಉಳಿಯಲಿಲ್ಲ. ಆಮೇಲೆ ಮಾತಿನ ನಡುವೆ ಅವರೇ ಅಂದರು: "ಅವ್ವ ಬಯ್ಯೋದು ಬಿಟ್ಟ ಮ್ಯಾಲ ಮನಿ ಭಾಳ ದೊಡ್ಡದಾತು." "ಇದನ್ನ ಹೀಗೇ ಬರೀರಿ" ಅಂದೆ. "ಇದು ಮನಿ ಮಾತು ಅಲ್ಲೇನ್ರೀ, ಇದನ್ನೂ ಬರೀತಾರೇನು?" ಎಂದು ಕೇಳಿದರು. ಅವರ ಮೊದಲ ಕವಿತೆ ಶುರುವಾದದ್ದು ಆ ಸಾಲಿನಿಂದಲೇ. ಶಾಲೆಯಲ್ಲಿ ಕೆಂಪು ಶಾಯಿ ಬಿದ್ದದ್ದು ಹೆಚ್ಚಾಗಿ ಇಂಥ ಮಾತುಗಳ ಮೇಲೆ. ಆ ಭಯ ಬಿಡಿಸುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ, ಹೋಗಬೇಕಾದ್ದೂ ಹಾಗೆಯೇ.

ಅದಕ್ಕೆ ನನಗೆ ಒದಗಿರುವ ಮೊದಲ ಉಪಾಯ ನಿಲ್ಲಿಸದೆ ಬರೆಯುವುದು. ಅಮೆರಿಕದ ಬರವಣಿಗೆ ಶಿಕ್ಷಕ ಪೀಟರ್ ಎಲ್ಬೋ 1970ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಹತ್ತು ನಿಮಿಷ ಕೈ ನಿಲ್ಲಬಾರದು, ಹೊಡೆದುಹಾಕಬಾರದು, ಏನೂ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಎಂದೇ ಬರೆಯಬೇಕು. ಮೊದಲ ಮೂರ್ನಾಲ್ಕು ನಿಮಿಷ ಪುಸ್ತಕದ ಭಾಷೆಯೇ ಬರುತ್ತದೆ. ಕೈ ದಣಿದ ಮೇಲೆ ಮನುಷ್ಯ ತನ್ನ ಮಾತಿಗೆ ಇಳಿಯುತ್ತಾನೆ. ಪ್ರೀತಿ, ಬದುಕು, ಸ್ವಾತಂತ್ರ್ಯ ಇಂಥ ದೊಡ್ಡ ವಿಷಯಗಳನ್ನು ನಾನು ಕೊಡುವುದಿಲ್ಲ, ಕೊಟ್ಟರೆ ಭಾಷಣ ಬರುತ್ತದೆ. "ಗೊತ್ತಿರುವ ಯಾರದಾದರೂ ಕೈ", "ನೀವು ಹಿಂದಿರುಗಿಸದೆ ಉಳಿಸಿಕೊಂಡ ವಸ್ತು", "ಈಗ ಇಲ್ಲದ ಒಂದು ಬಾಗಿಲು" ಎಂದರೆ ಎಲ್ಲರಿಗೂ ಏನೋ ಒಂದು ನೆನಪಾಗುತ್ತದೆ.

ಕವಿ ಕೆನೆತ್ ಕೋಕ್ 1968ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಶಾಲೆಯೊಂದರ ಮಕ್ಕಳಿಗೆ ಕವಿತೆ ಕಲಿಸಲು ಹೋದಾಗ ಪ್ರತಿ ಸಾಲನ್ನೂ ಒಂದು ಆಸೆಯಿಂದ ಆರಂಭಿಸಲು ಹೇಳಿದ್ದರು. ಪ್ರಾಸ ಬೇಡವೆಂದಿದ್ದರು. ನಾನೂ ಹೀಗೆಯೇ ಮಾಡುತ್ತೇನೆ. ಪ್ರಾಸದ ಹಿಂದೆ ಬಿದ್ದವರು ತಾವು ಹೇಳಬೇಕೆಂದಿರದಿದ್ದನ್ನು ಹೇಳಿಬಿಡುತ್ತಾರೆ.

ಓದುವ ಹೊತ್ತಿನ ಕಟ್ಟುಪಾಡುಗಳೇ ಕೂಟದ ಜೀವ. ಪ್ಯಾಟ್ ಶ್ನೈಡರ್ ಎಂಬ ಕವಿ 1981ರಲ್ಲಿ ಮ್ಯಾಸಚೂಸೆಟ್ಸಿನ ಆಮ್ಹರ್ಸ್ಟ್‌ನಲ್ಲಿ ಕಟ್ಟಿದ ಪದ್ಧತಿಯಿಂದ ಇವನ್ನು ತೆಗೆದುಕೊಂಡೆ. ಆಗ ತಾನೇ ಬರೆದದ್ದಕ್ಕೆ ಟೀಕೆ ಇಲ್ಲ. ಕೇಳಿದವರು ಎರಡೇ ಸಂಗತಿ ಹೇಳಬೇಕು: ಯಾವ ಸಾಲು ನೆನಪಿನಲ್ಲಿ ಉಳಿಯಿತು, ಎಲ್ಲಿ ಮನಸ್ಸಿಗೆ ತಟ್ಟಿತು. "ಚೆನ್ನಾಗಿದೆ" ಎಂದು ಸುಮ್ಮನಾಗುವಂತಿಲ್ಲ, ಸಾಲನ್ನು ಎತ್ತಿ ಹೇಳಬೇಕು. ತನ್ನ ಸಾಲನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದವರು ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತಾರೆ. ಇನ್ನೊಂದು ಕಟ್ಟುಪಾಡು, ಓದಿದ್ದೆಲ್ಲವನ್ನೂ ಕಲ್ಪನೆ ಎಂದೇ ಭಾವಿಸುವುದು. "ನಿಮ್ಮ ಗಂಡ ಹಾಗೆ ಮಾಡಿದ್ರಾ?" ಎಂದು ಯಾರೂ ಕೇಳಬಾರದು. "ಈ ಕವಿತೆಯಲ್ಲಿ ಮಾತಾಡುವ ಹೆಂಗಸು" ಎನ್ನಬೇಕು. ಈ ಒಂದು ತೆಳು ಪರದೆ ಇರುವುದರಿಂದಲೇ ಜನ ನಿಜ ಬರೆಯುವ ಧೈರ್ಯ ಮಾಡುತ್ತಾರೆ. ಓದಲೇಬೇಕೆಂಬ ಒತ್ತಾಯವಿಲ್ಲ. ಕೇಳಿದ್ದು ಕೋಣೆಯಿಂದ ಹೊರಗೆ ಹೋಗಬಾರದು. ಕೂಟ ನಡೆಸುವವರೂ ಎಲ್ಲರ ಜೊತೆ ಬರೆಯಬೇಕು, ಆಗಾಗ ತಮ್ಮ ಹಸಿ ಬರಹವನ್ನೇ ಓದಬೇಕು. ಎಂಟು ಹತ್ತು ಜನಕ್ಕಿಂತ ಹೆಚ್ಚಾದರೆ ಎಲ್ಲರನ್ನೂ ಕೇಳಿಸಿಕೊಳ್ಳಲು ಆಗುವುದಿಲ್ಲ, ಆಗ ಇನ್ನೊಂದು ಗುಂಪು ಮಾಡುತ್ತೇನೆ.

ಅಕ್ಷರ ಬಾರದವರು, ಕೈ ನಡುಗುವವರು, ಕಣ್ಣು ಮಂಜಾದವರು ಬಂದಾಗ ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ಕೋಕ್ ಮುಂದೆ ವೃದ್ಧರ ಆರೈಕೆಮನೆಯಲ್ಲಿ ಕಲಿಸಿದಾಗಲೂ ಹಲವರು ಹೇಳಿಯೇ ಬರೆಸಿದ್ದರು. ಇದರಲ್ಲಿ ಕಷ್ಟದ್ದು ಬರೆದುಕೊಳ್ಳುವವರ ಸಂಯಮ. ಅವರು ಒಂದೇ ಮಾತನ್ನು ಮೂರು ಸಲ ಹೇಳಿದರೆ ಮೂರು ಸಲ ಬರೆಯಬೇಕು, ಉಸಿರು ನಿಂತಲ್ಲಿ ಸಾಲು ಮುರಿಯಬೇಕು, ವ್ಯಾಕರಣ ಮುಟ್ಟಬಾರದು. ಕೊನೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. "ನಾನು ಹಂಗಂದಿಲ್ಲ" ಎಂದು ಅವರು ನನ್ನನ್ನು ತಿದ್ದಲು ಶುರು ಮಾಡಿದರೆ ಕವಿತೆ ಅವರದಾಯಿತು ಎಂದು ನನಗೆ ಖುಷಿ.

ನೋವಿನ ವಿಷಯ ಬಂದೇ ಬರುತ್ತದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತಗಳ ಬಗ್ಗೆ ಬರೆದರು. ಆಘಾತದ ಘಟನೆಯ ಜೊತೆಗೆ ಅದರ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಈ ಎರಡನೆಯ ಸಂಗತಿಯನ್ನು ಕೂಟ ನಡೆಸುವವರು ಮರೆಯಬಾರದು. ಭಾರವಾದ ಬರಹವನ್ನು ನಾನು ಕೊನೆಗೆ ಇಡುವುದಿಲ್ಲ. ನಡುವೆ ಇಟ್ಟು, ಕೊನೆಯ ಅರ್ಧ ಗಂಟೆ ಹಗುರವಾದದ್ದೇನಾದರೂ ಬರೆಸುತ್ತೇನೆ. ಬರೆಯುತ್ತಾ ತಡೆಯಲಾಗದಿದ್ದರೆ ಅಲ್ಲಿಗೇ ಬಿಡಬಹುದೆಂದು ಮೊದಲೇ ಹೇಳಿರುತ್ತೇನೆ. ಇದು ಚಿಕಿತ್ಸೆಯಲ್ಲ, ನಾನು ಚಿಕಿತ್ಸಕನೂ ಅಲ್ಲ. ಹಾಗಾಗಿ ಆಪ್ತಸಮಾಲೋಚಕರ ಫೋನ್ ನಂಬರ್ ಸದಾ ನನ್ನ ಬಳಿ ಇರುತ್ತದೆ.

ವರ್ಷದ ಕೊನೆಗೆ ಒಂದು ಚಿಕ್ಕ ಸಂಕಲನ ತರುತ್ತೇವೆ. ಯಾವ ಕವಿತೆ ಹೋಗಬೇಕು, ಯಾವ ಹೆಸರಿನಲ್ಲಿ ಹೋಗಬೇಕು ಎಂಬುದು ಬರೆದವರ ತೀರ್ಮಾನ. ಅಚ್ಚಿಗೆ ಹೋಗುವ ಹಿಂದಿನ ದಿನವೂ "ಬೇಡ" ಎನ್ನಬಹುದು. ಕರಡು ತಿದ್ದುವವರಿಗೆ ನಾನು ಹೇಳುವುದು ಇಷ್ಟೇ: ಅಚ್ಚಿನ ತಪ್ಪು ತಿದ್ದಿ, "ಮನಿ" ಎಂದಿದ್ದರೆ "ಮನೆ" ಮಾಡಬೇಡಿ.