ಪಣಂಬೂರು ಬಂದರಲ್ಲಿ ಹಡಗು ಹಿಡಿಸಿದ್ದು: ನನ್ನ ಅನುಭವ

"ಕಾರ್ಮಿಕ ಪರಿಹಾರದ ಕಮಿಷನರ್ ಹತ್ರ ಕ್ಲೇಮ್ ಹಾಕಿ ಮುಗಿಸು ಮಾರಾಯ, ಹಡಗಿನ ಸಹವಾಸ ಬೇಡ" ಅಂತ ಸೀನಿಯರ್‌ ವಕೀಲರೆಲ್ಲ ಹೇಳಿದ್ರು. ನಾನು ಹಾಕ್ಲಿಲ್ಲ.

ಕಕ್ಷಿದಾರನಿಗೆ 35 ವರ್ಷ. ಕಲ್ಲಿದ್ದಲು ಹಡಗಿನ ಹೋಲ್ಡಿಗೆ (ಸರಕು ತುಂಬೋ ಒಳಭಾಗ) ಇಳೀತಿದ್ದಾಗ ಏಣಿಯ ಕಡ್ಡಿ ಕಿತ್ತು ಬಂತು, ಮೊಣಕಾಲಿಂದ ಕೆಳಗೆ ಕಾಲು ಹೋಯ್ತು. ದುಡೀತಿದ್ದದ್ದು ತಿಂಗಳಿಗೆ ಹತ್ತಿರ ಹತ್ತಿರ 28 ಸಾವಿರ, ಆದ್ರೆ ಆಗ ಇದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೇಲಿ ಲೆಕ್ಕಕ್ಕೆ ಹಿಡೀತಿದ್ದದ್ದು 15 ಸಾವಿರ ಮಾತ್ರ. ಅದರ ಶೇ. 60, ವಯಸ್ಸಿಗೆ ತಕ್ಕ ಫ್ಯಾಕ್ಟರ್ 197.06, ದುಡಿಮೆ ಶಕ್ತಿಯ ನಷ್ಟ ಶೇ. 50, ಎಲ್ಲ ಗುಣಿಸಿದ್ರೆ ಅಲ್ಲಿಗೆ 9 ಲಕ್ಷದ ಒಳಗೇ. ಅದೂ ಸ್ಟೀವೆಡೋರ್ (ಸರಕು ಹತ್ತಿಸಿ ಇಳಿಸೋ ಗುತ್ತಿಗೆದಾರ) ಕೊಡ್ಬೇಕು, ತುಕ್ಕು ಏಣಿ ಇಟ್ಟ ಹಡಗಿನವ್ರು ಆರಾಮ. ಒಮ್ಮೆ ಅಲ್ಲಿ ಅರ್ಜಿ ಹಾಕಿದ್ರೆ ಅದೇ ಕಾಯ್ದೆಯ ಸೆಕ್ಷನ್ 3(5) ಅಡ್ಡ ಬರ್ತಿತ್ತು, ಆಮೇಲೆ ದಾವೆ ಇಲ್ಲ. ಹಾಗಾಗಿ ಕೋರ್ಟ್ ಮೂಲಕ ಹಡಗನ್ನೇ ತಡೆದಿಡಿಸೋ 2017ರ ಅಡ್ಮಿರಾಲ್ಟಿ ಕಾಯ್ದೆ ಹಿಡಿದೆ, ತಪ್ಪು ಸಾಬೀತು ಮಾಡೋ ಹೊರೆ ನನ್ನ ತಲೆ ಮೇಲೇ ಅಂತ ಗೊತ್ತಿದ್ದೂ.

ಮೊದಲ ಸಲ ಸೋತೆ. ಬೆಂಗಳೂರಲ್ಲಿ ಹೈಕೋರ್ಟಿಂದ ಹಡಗಿನ ಅರೆಸ್ಟ್ ಆರ್ಡರ್ ಕೈಗೆ ಸಿಗೋ ಹೊತ್ತಿಗೆ ಸಂಜೆ 5, ಹಡಗು ಮಧ್ಯಾಹ್ನವೇ ಹೊರಟಿತ್ತು. "ಹಡಗೇ ಹೋಯ್ತಲ್ಲ ಸರ್, ಇನ್ನು ಯಾರನ್ನ ಹಿಡೀತೀರಿ?" ಅಂದ್ರು ಅವನ ಹೆಂಡತಿ, ನಂಗೆ ಉತ್ತರ ಹೊಳೀಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಮೊಬೈಲಲ್ಲಿ ಹಡಗು ಎಲ್ಲಿದೆ ಅಂತ ನೋಡೋದೇ ಕೆಲಸ. ಮಧ್ಯೆ ಹಡಗು ಮಾರಾಟ ಆಗಿ ಹೆಸರು, ಧ್ವಜ ಎರಡೂ ಬದಲಾಯ್ತು. ಹಡಗಿನ ಖಾಯಂ ಗುರುತಾದ ಐಎಂಒ ನಂಬರ್ ಬದಲಾಗಲ್ಲ, ಗಾಯದ ಕ್ಲೇಮಿನ ಲಿಯನ್ (ಹಡಗಿನ ಮೇಲಿನ ಹಕ್ಕು) ಕೂಡ ಮಾಲೀಕ ಬದಲಾದ್ರೂ ಹಡಗಿನ ಬೆನ್ನು ಬಿಡಲ್ಲ, ಆದ್ರೆ ಒಂದು ವರ್ಷದೊಳಗೆ ಅರೆಸ್ಟ್ ಆಗ್ಲೇಬೇಕು. ಈ ನಡುವೆ ಹಡಗಿಗೆ ವಿಮೆ ಕೊಡೋ ಪಿ ಆ್ಯಂಡ್ ಐ ಕ್ಲಬ್ಬಿನ ಇಲ್ಲಿನ ಪ್ರತಿನಿಧಿಗಳಿಗೆ ಮೂರು ಪತ್ರ ಬರೆದು ನೋಡಿದೆ, ಒಂದಕ್ಕೂ ಉತ್ತರ ಇಲ್ಲ. ಆರ್‌ಟಿಐ ಹಾಕಿ ಹಡಗು ಬಂದರಲ್ಲಿ ನಿಂತಿದ್ದರ ಬರ್ತಿಂಗ್ ದಾಖಲೆ ತೆಗೆಸಿದ್ದು ಮಾತ್ರ ಕೆಲಸಕ್ಕೆ ಬಂತು.

ಹತ್ತನೇ ತಿಂಗಳಲ್ಲಿ ಅದೇ ಹಡಗು ವಾಪಸ್ ಬಂತು. ಬರುತ್ತೆ ಅಂತ ನಾಲ್ಕು ದಿನ ಮುಂಚೆ ನಂಗೆ ಹೇಗೆ ಗೊತ್ತಾಯ್ತು ಅನ್ನೋದು ಇಲ್ಲಿ ಬರೆಯಲ್ಲ. ಕಕ್ಷಿದಾರನ ಜೊತೆ ಕೆಲಸ ಮಾಡ್ತಿದ್ದ ಗ್ಯಾಂಗಿನ ಹುಡುಗ ಕಾಲು ಹೋದ ದಿನವೇ ತೆಗೆದಿದ್ದ ಫೋಟೋ ಇತ್ತು, ಕಡ್ಡಿ ಕಿತ್ತ ಜಾಗದಲ್ಲಿ ವೆಲ್ಡಿಂಗ್ ಪೂರ್ತಿ ತುಕ್ಕು, ಮೇಲೆ ಮಾತ್ರ ಹೊಸ ಪೇಂಟ್. ಅರೆಸ್ಟ್ ತಪ್ಪಾದ್ರೆ ನಷ್ಟ ಕೊಡ್ತೀವಿ ಅಂತ ಮುಚ್ಚಳಿಕೆ ಬರೆದುಕೊಡುವಾಗ ಕೈ ನಡುಗಿತ್ತು, ನಿಜ. ಹಡಗು ನಿಂತ ಎರಡೇ ದಿನಕ್ಕೆ ಕ್ಲಬ್ಬಿನ ಲೆಟರ್ ಆಫ್ ಅಂಡರ್‌ಟೇಕಿಂಗ್ (ಹಣಕ್ಕೆ ನಾವು ಜವಾಬ್ದಾರಿ ಅನ್ನೋ ಪತ್ರ) ಬಂತು, ಎಂಟು ತಿಂಗಳಿಗೆ 24 ಲಕ್ಷಕ್ಕೆ ರಾಜಿ. ನನ್ನ ಕೈಯಿಂದ ಹೋಗಿದ್ದು 80-90 ಸಾವಿರ, ಎಲ್ಲಾ ವಾಪಸ್ ಬಂತು. ಬೇಡ ಅಂದಿದ್ದ ಸೀನಿಯರ್ ಒಬ್ರು ಪ್ಲೈಂಟ್ (ದಾವೆ ಅರ್ಜಿ) ಕಾಪಿ ಕೇಳಿ ತಗೊಂಡು ಹೋದ್ರು.

ಈಗ ಇನ್ನೊಂದು ಕೇಸ್ ಕೈಲಿದೆ, ಬೆರಳುಗಳು ಹೋಲ್ಡಿನ ಮುಚ್ಚಳ ಹ್ಯಾಚ್ ಕವರಿಗೆ ಸಿಕ್ಕಿದ್ದು. ಆ ಹಡಗು ಕಾಂಡ್ಲಾ ಕಡೆ ಹೊರಟಿದೆ, ಹಿಡಿಯೋದಾದ್ರೆ ಗುಜರಾತ್ ಹೈಕೋರ್ಟಲ್ಲೇ. ನಾಳೆ ರಾತ್ರಿ ಹೊರಡ್ತಿದ್ದೀನಿ.